ದೊಕ್ತೊರ್: ಪಂಡಿತರೋ, ಉಪದೇಶಿಯೋ?



ಜೂನ್ 13 ಪಾದುವಾದ ಸಂತ ಅಂತೋಣಿಯವರ ಹಬ್ಬ. ನಮ್ಮ ನಾಡಿನಲ್ಲಿ ಅವರ ಹೆಸರು ಕೇಳದ ಕ್ರೈಸ್ತ ಮನೆ ಇರಲಾರದು. ಹೊಲ ಉಳುವಾಗ ಮಣ್ಣಿನಲ್ಲಿ ಸಿಕ್ಕಿತೆಂದು ಹಿರಿಯರು ಹೇಳುವ ಒಂದು ಸ್ವರೂಪದ ಸುತ್ತ ಬೆಳೆದ ದೋರನಹಳ್ಳಿಯ ಪುಣ್ಯಕ್ಷೇತ್ರಕ್ಕೆ ಜಾತಿಮತದ ಭೇದವಿಲ್ಲದೆ ಜನ ಹರಿದುಬರುತ್ತಾರೆ. ಕಳೆದುಹೋದ ಬೀಗದ ಕೈಯಿಂದ ಹಿಡಿದು ಮನೆಬಿಟ್ಟು ಹೋದ ಮಗನವರೆಗೆ ಅಂತೋಣಿಯವರ ಮುಂದೆ ಹೇಳಿಕೊಳ್ಳದ ಸಂಕಟವೇ ಇಲ್ಲ. ‘ಪವಾಡ ಪುರುಷ’ ಎಂದೇ ನಾವು ಅವರನ್ನು ಕರೆಯುತ್ತೇವೆ.

ಆದರೆ ಪೂಜಾ ಪಂಚಾಂಗವನ್ನು ತೆರೆದು ನೋಡಿ. ಅಲ್ಲಿ ಅವರ ಹೆಸರಿನ ಪಕ್ಕದಲ್ಲಿ ಪವಾಡದ ಮಾತೇ ಇರುವುದಿಲ್ಲ. ‘ಯಾಜಕರು ಹಾಗೂ ಧರ್ಮಸಭೆಯ ಪಂಡಿತರು’ ಎಂದಿರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಈ ಬಿರುದು ‘ದೊಕ್ತೊರ್ ಎಕ್ಲೇಸಿಯೆ’. ಇದ್ದಂತೆಯೇ ಹೇಳುವುದಾದರೆ ‘ಧರ್ಮಸಭೆಯ ಡಾಕ್ಟರ್’! ಧರ್ಮೋಪದೇಶದ ತರಗತಿಯಲ್ಲಿ ಹೀಗೆ ಹೇಳಿದರೆ ಮಕ್ಕಳು ನಗುತ್ತಾರೆ. ಅಂತೋಣಿಯವರು ಇಂಜೆಕ್ಷನ್ ಕೊಡುತ್ತಿದ್ದರೇ ಎಂದು ಕೇಳುತ್ತಾರೆ. ಮಕ್ಕಳ ಪ್ರಶ್ನೆ ಅಷ್ಟೇನೂ ಹಗುರವಲ್ಲ. ಈ ಒಂದು ಪದ ಎರಡು ಸಾವಿರ ವರ್ಷಗಳಲ್ಲಿ ಎಲ್ಲೆಲ್ಲಿ ಸುತ್ತಿಬಂದಿದೆ ಎಂಬುದನ್ನು ತಿಳಿದರೆ ನಮ್ಮ ಧರ್ಮಕೇಂದ್ರಗಳ ಒಂದು ಕಷ್ಟವೂ ತಿಳಿಯಾದೀತು.

ಲ್ಯಾಟಿನ್‌ನಲ್ಲಿ ‘ದೊಚೇರೆ’ ಎಂಬ ಕ್ರಿಯಾಪದವಿದೆ. ಇದು ಧರ್ಮಸಭೆಯಲ್ಲಿ ಬಳಕೆಯಲ್ಲಿರುವ ಉಚ್ಚಾರಣೆ. ಹಳೆಯ ರೋಮನ್ನರು ‘ದೊಕೇರೆ’ ಎನ್ನುತ್ತಿದ್ದರು. ಕಲಿಸು, ತಿಳಿಯಪಡಿಸು ಎಂದು ಅರ್ಥ. ಭಾಷಾಶಾಸ್ತ್ರಜ್ಞರು ಇದರ ಬೇರನ್ನು ಇನ್ನೂ ಹಿಂದಕ್ಕೆ ಕೊಂಡೊಯ್ದು, ‘ಸ್ವೀಕರಿಸು’ ಎಂಬ ಅರ್ಥದ ಪ್ರಾಚೀನ ಧಾತುವಿನಿಂದ ಹುಟ್ಟಿದ್ದೆಂದು ಹೇಳುತ್ತಾರೆ. ಕನ್ನಡದಲ್ಲಿ ‘ಉಣ್ಣು’ ಎಂಬುದು ‘ಉಣಿಸು’ ಆಗುವುದಿಲ್ಲವೇ? ‘ಕಲಿ’ ಎಂಬುದು ‘ಕಲಿಸು’ ಆಗುವುದಿಲ್ಲವೇ? ಹಾಗೆಯೇ ‘ದೊಚೇರೆ’ ಎಂದರೆ ಇನ್ನೊಬ್ಬರು ಸ್ವೀಕರಿಸುವಂತೆ ಮಾಡುವುದು. ಕಲಿ ಎಂಬ ಅರ್ಥದ ‘ದಿಶೆರೆ’ ಅದೇ ಕುಟುಂಬದ ಪದ. ವಿಶ್ವಾಸದ ಸತ್ಯಗಳಿಗೆ ನಾವು ಹೇಳುವ ‘ದೋಗ್ಮ’ ಎಂಬ ಗ್ರೀಕ್ ಪದವೂ ದೂರದ ನೆಂಟನೇ.

ಈ ಕ್ರಿಯಾಪದಕ್ಕೆ ‘ತೊರ್’ ಎಂಬ ಪ್ರತ್ಯಯ ಸೇರಿದರೆ ‘ದೊಕ್ತೊರ್’, ಅಂದರೆ ಕಲಿಸುವವನು. ಕುರಿ ಮೇಯಿಸುವವನು ‘ಪಾಸ್ತೊರ್’, ರಕ್ಷಿಸುವವನು ‘ಸಲ್ವಾತೊರ್’ ಆಗುವುದೂ ಹೀಗೆಯೇ. ಒಬ್ಬನಾದರೆ ದೊಕ್ತೊರ್, ಹಲವರಾದರೆ ದೊಕ್ತೋರೆಸ್, ಹಲವರ ಎನ್ನಬೇಕಾದರೆ ದೊಕ್ತೋರುಮ್. ಗುರುಮಠದಲ್ಲಿ ಈ ವಿಭಕ್ತಿಗಳನ್ನು ಬಾಯಿಪಾಠ ಮಾಡುವಾಗ ನಮಗೆಲ್ಲ ನಿದ್ದೆ ತೂಗುತ್ತಿತ್ತು. ಆದರೆ ಅದೇ ಪಾಠದಲ್ಲಿ ಇನ್ನೊಂದು ಪದ ಬರುತ್ತದೆ, ‘ದೊಕ್ತುಸ್’. ಅದೂ ದೊಚೇರೆಯಿಂದ ಬಂದದ್ದೇ. ಅರ್ಥ ಮಾತ್ರ ತಿರುಗುಮುರುಗು: ಕಲಿಸಲ್ಪಟ್ಟವನು, ಕಲಿತವನು, ವಿದ್ವಾಂಸ. ಒಂದೇ ತಾಯಿಯ ಮಕ್ಕಳಾದ ಈ ಎರಡು ಪದಗಳ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಡಿ. ತಲೆಯೊಳಗೆ ವಿದ್ಯೆ ತುಂಬಿಕೊಂಡವನು ದೊಕ್ತುಸ್. ಅದನ್ನು ಇನ್ನೊಬ್ಬರ ತಟ್ಟೆಗೆ ಬಡಿಸುವವನು ದೊಕ್ತೊರ್. ಧರ್ಮಸಭೆ ತನ್ನ ಬಿರುದಿಗೆ ಆರಿಸಿಕೊಂಡದ್ದು ಎರಡನೆಯದನ್ನು.

ಕನ್ನಡಕ್ಕೆ ತರುವಾಗ ನಮ್ಮ ಹಿರಿಯರು ‘ಪಂಡಿತ’ ಎಂದರು. ಘನವಾದ ಪದ, ಸಂದೇಹವಿಲ್ಲ. ವಿಚಿತ್ರವೆಂದರೆ ‘ಡಾಕ್ಟರ್’ ಪದಕ್ಕೆ ಆದದ್ದೇ ನಮ್ಮ ಪಂಡಿತನಿಗೂ ಆಗಿದೆ. ನಾರುಬೇರು ಅರೆದು ಔಷಧ ಕೊಡುವವರನ್ನು ಇಂದಿಗೂ ಹಳ್ಳಿಗಳಲ್ಲಿ ‘ಪಂಡಿತರು’ ಎನ್ನುವುದುಂಟು. ‘ವೈದ್ಯ’ ಎಂಬ ಪದವಾದರೂ ವಿದ್ಯೆಯಿಂದಲೇ ಬಂದದ್ದಲ್ಲವೇ? ಆದರೂ ಪಂಡಿತ ಎಂಬ ಪದ ದೊಕ್ತೊರ್‌ಗಿಂತ ದೊಕ್ತುಸ್‌ಗೆ ಹೆಚ್ಚು ಹತ್ತಿರ. ಅದು ತಿಳಿದವನನ್ನು ಸೂಚಿಸುತ್ತದೆಯೇ ಹೊರತು ತಿಳಿಸುವವನನ್ನಲ್ಲ.

ಲ್ಯಾಟಿನ್ ಬೈಬಲ್ಲಿನಲ್ಲಿ ಈ ಪದ ಎಲ್ಲೆಲ್ಲಿ ಬರುತ್ತದೆ ನೋಡೋಣ. ಜಪಸರದ ಸಂತೋಷದ ಐದನೆಯ ರಹಸ್ಯವನ್ನು ಧ್ಯಾನಿಸುವಾಗ ನಾವೆಲ್ಲರೂ ದೊಕ್ತೋರುಮ್ ನಡುವೆ ನಿಲ್ಲುತ್ತೇವೆ. ಹನ್ನೆರಡು ವರ್ಷದ ಬಾಲಯೇಸು ಮಹಾದೇವಾಲಯದಲ್ಲಿ ಯಾರ ಮಧ್ಯೆ ಕುಳಿತು ಆಲಿಸುತ್ತಾ ಪ್ರಶ್ನೆ ಕೇಳುತ್ತಿದ್ದರೋ, ಆ ಬೋಧಕರಿಗೆ ಸಂತ ಲೂಕರ ಶುಭಸಂದೇಶದ ಲ್ಯಾಟಿನ್ ಅನುವಾದ ಬಳಸಿದ ಪದವೇ ಇದು. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುವ ಗಮಲಿಯೇಲ ‘ಧರ್ಮಶಾಸ್ತ್ರದ ದೊಕ್ತೊರ್’. ಸಂತ ಪೌಲರು ತಿಮೊಥೇಯನಿಗೆ ಬರೆಯುವಾಗ ತಾವು ಅನ್ಯಜನಾಂಗಗಳ ಬೋಧಕನೆಂದು ಹೇಳಿಕೊಳ್ಳುವಲ್ಲಿಯೂ ಇದೇ ಪದ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 12ನೆಯ ಅಧ್ಯಾಯದಲ್ಲಿ ಅವರು ಧರ್ಮಸಭೆಯ ಸೇವೆಗಳನ್ನು ಎಣಿಸುತ್ತಾ ಮೊದಲು ಪ್ರೇಷಿತರನ್ನು, ಅನಂತರ ಪ್ರವಾದಿಗಳನ್ನು, ಮೂರನೆಯದಾಗಿ ಬೋಧಕರನ್ನು ಹೆಸರಿಸುತ್ತಾರೆ. ಆ ಮೂರನೆಯವರೇ ದೊಕ್ತೋರೆಸ್. ಗುಣಪಡಿಸುವ ವರ ಪಡೆದವರು, ಪವಾಡ ಮಾಡುವವರು ಇವರಾದ ಮೇಲೆ ಬರುತ್ತಾರೆ! ಅಂತೋಣಿಯವರ ಭಕ್ತರು ಇದನ್ನು ಗಮನಿಸಬೇಕು.

ಗುರು ಎನ್ನಿಸಿಕೊಳ್ಳಲು ಹಂಬಲಿಸಬೇಡಿ ಎಂದು ಯೇಸುಸ್ವಾಮಿ ಶಿಷ್ಯರಿಗೆ ಎಚ್ಚರಿಸಿದ್ದು ನಮಗೆ ಗೊತ್ತು. ಆ ಮಾತಿನ ಲ್ಯಾಟಿನ್ ಅನುವಾದದಲ್ಲಿರುವುದು ‘ಮಜಿಸ್ತೆರ್’ ಎಂಬ ಪದ. ಸ್ವಾಮಿ ಎಚ್ಚರಿಸಿದ ಆ ಹೆಸರನ್ನೇ ಮುಂದೆ ಯೂರೋಪಿನ ವಿದ್ಯಾಲಯಗಳು ದೊಡ್ಡ ಪದವಿಯನ್ನಾಗಿ ಮಾಡಿದವು. ಮನುಷ್ಯರ ಬಿರುದಿನ ಹಸಿವು ಅಂಥದ್ದು.

ಬಿರುದಿನ ಕಥೆ ಹೀಗಿದೆ. ಪಶ್ಚಿಮದ ಧರ್ಮಸಭೆ ಬಹಳ ಹಿಂದಿನಿಂದಲೂ ನಾಲ್ವರನ್ನು ತನ್ನ ಮಹಾಬೋಧಕರೆಂದು ಗೌರವಿಸುತ್ತಿತ್ತು: ಸಂತ ಅಂಬ್ರೋಸ್, ಸಂತ ಅಗಸ್ಟೀನ್, ಸಂತ ಜೆರೋಮ್, ಮಹಾ ಗ್ರೆಗೊರಿ. 13ನೆಯ ಶತಮಾನದ ಕೊನೆಯಲ್ಲಿ ಜಗದ್ಗುರು 8ನೇ ಬೊನಿಫೇಸ್‌ರವರು ಈ ನಾಲ್ವರ ಹಬ್ಬವನ್ನು ವಿಶೇಷ ಗೌರವದಿಂದ ಆಚರಿಸಬೇಕೆಂದು ವಿಧಿಸಿದರು. 1567ರಲ್ಲಿ ಜಗದ್ಗುರು 5ನೇ ಪಿಯುಸ್‌ರವರು ಸಂತ ಥಾಮಸ್ ಅಕ್ವಿನಾಸರನ್ನೂ, 1588ರಲ್ಲಿ ಜಗದ್ಗುರು 5ನೇ ಸಿಕ್ಸ್ತುಸ್‌ರವರು ಸಂತ ಬೊನವೆಂತೂರರನ್ನೂ ಈ ಸಾಲಿಗೆ ಸೇರಿಸಿದರು. 18ನೆಯ ಶತಮಾನದಲ್ಲಿ, ಮುಂದೆ ಜಗದ್ಗುರು 14ನೇ ಬೆನೆಡಿಕ್ಟರಾದ ಪ್ರೊಸ್ಪೆರೊ ಲಂಬೆರ್ತೀನಿಯವರು ಇದಕ್ಕೆ ಬೇಕಾದ ಮೂರು ಅರ್ಹತೆಗಳನ್ನು ಸ್ಪಷ್ಟಪಡಿಸಿದರು: ಶ್ರೇಷ್ಠ ಬೋಧನೆ, ಎದ್ದುಕಾಣುವ ಪಾವಿತ್ರ್ಯ, ಧರ್ಮಸಭೆಯ ಅಧಿಕೃತ ಘೋಷಣೆ. 2025ರ ನವೆಂಬರ್ 1ರಂದು ಜಗದ್ಗುರು 14ನೇ ಲಿಯೋರವರು ಸಂತ ಜಾನ್ ಹೆನ್ರಿ ನ್ಯೂಮನ್‌ರನ್ನು ಘೋಷಿಸಿದಾಗ ಈ ಪಂಕ್ತಿಯ ಸಂಖ್ಯೆ 38 ಆಯಿತು.

ಇದರ ಜೊತೆಜೊತೆಗೇ ಇನ್ನೊಂದು ಕಥೆ ನಡೆಯುತ್ತಿತ್ತು. 12 ಮತ್ತು 13ನೆಯ ಶತಮಾನಗಳಲ್ಲಿ ಬೊಲೊಞ, ಪ್ಯಾರಿಸ್ ಮೊದಲಾದ ಕಡೆ ವಿಶ್ವವಿದ್ಯಾಲಯಗಳು ಹುಟ್ಟಿದವು. ಬೊಲೊಞದಲ್ಲಿ ಕಾನೂನು ಕಲಿಸುವವರು ತಮ್ಮನ್ನು ದೊಕ್ತೊರ್ ಎಂದು ಕರೆದುಕೊಂಡರು. ಪ್ಯಾರಿಸ್ಸಿನ ದೈವಶಾಸ್ತ್ರದ ಅಧ್ಯಾಪಕರು ಮಜಿಸ್ತೆರ್ ಎಂಬುದನ್ನೇ ಇಟ್ಟುಕೊಂಡರು. ಎರಡಕ್ಕೂ ಆಗ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಕಲಿಸಬೇಕೆಂದರೆ ಧರ್ಮಸಭೆಯ ಅಧಿಕಾರಿಯಿಂದ ‘ಕಲಿಸುವ ಅನುಮತಿ’ ಪಡೆಯಬೇಕಿತ್ತು. ಆ ಅನುಮತಿಗೆ ಕೆಲವರು ಹಣ ಕೀಳಲು ತೊಡಗಿದ್ದರಿಂದ 1179ರ 3ನೇ ಲ್ಯಾತರನ್ ಮಹಾಸಭೆ ಅದನ್ನು ಕಟ್ಟುನಿಟ್ಟಾಗಿ ನಿಷೇಧಿಸಿತು. ಅಷ್ಟೇ ಅಲ್ಲ, ಪ್ರತಿ ಪ್ರಧಾನಾಲಯದಲ್ಲಿಯೂ ಬಡ ವಿದ್ಯಾರ್ಥಿಗಳಿಗೆ ಉಚಿತವಾಗಿ ಕಲಿಸುವ ಒಬ್ಬ ಅಧ್ಯಾಪಕನಿರಬೇಕು, ಅವನ ಜೀವನಕ್ಕೆ ಧರ್ಮಸಭೆಯೇ ದಾರಿ ಮಾಡಿಕೊಡಬೇಕು ಎಂದು ವಿಧಿಸಿತು. ಶಾಲೆಯ ಶುಲ್ಕದ ಚೀಟಿ ಹಿಡಿದು ಅಂಗಳದಲ್ಲಿ ನಿಲ್ಲುವ ತಂದೆತಾಯಿಯರನ್ನು ಕಂಡಾಗ ನನಗೆ ಈ 1179 ನೆನಪಾಗುತ್ತದೆ. ಇರಲಿ.

ದೈವಶಾಸ್ತ್ರ, ಕಾನೂನು, ವೈದ್ಯ ಈ ಮೂರೂ ಆ ವಿಶ್ವವಿದ್ಯಾಲಯಗಳ ಉನ್ನತ ವಿಭಾಗಗಳಾಗಿದ್ದವು. ಮೂರರಲ್ಲಿಯೂ ದೊಕ್ತೊರ್‌ಗಳಿದ್ದರು. ಆದರೆ ದೈವಶಾಸ್ತ್ರಜ್ಞನನ್ನು ನಡುರಾತ್ರಿ ಬಾಗಿಲು ಬಡಿದು ಎಬ್ಬಿಸುವವರು ಕಡಿಮೆ. ವೈದ್ಯರನ್ನು ಎಬ್ಬಿಸುವವರು ಹೆಚ್ಚು. ಹೀಗಾಗಿ ಜನರ ಬಾಯಲ್ಲಿ ಉಳಿದುಕೊಂಡವರು ಅವರೇ. ವಿಶ್ವವಿದ್ಯಾಲಯಗಳು ಹಳೆಯ ಅರ್ಥವನ್ನು ಒಂದಿಷ್ಟು ಕಾಪಾಡಿಕೊಂಡು ಬಂದಿವೆ. ಕನ್ನಡದ ಮಹಾನಿಘಂಟನ್ನು 1894ರಲ್ಲಿ ಹೊರತಂದ ಕಿಟೆಲ್‌ರವರಿಗೆ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಡಾಕ್ಟರೇಟ್ ಕೊಟ್ಟಿತು. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟ ಮೇಲೆ ನಮ್ಮ ರಾಜ್‌ಕುಮಾರ್ ‘ಡಾ. ರಾಜ್’ ಆದದ್ದು ಎಲ್ಲರಿಗೂ ಗೊತ್ತು.

ಈಗ ಈ ಪದದ ಚರಿತ್ರೆಯಲ್ಲಿ ನೋವು ಬೆರೆತ ಒಂದು ಅಧ್ಯಾಯಕ್ಕೆ ಬರೋಣ. ಲ್ಯಾಟಿನ್‌ನಲ್ಲಿ ‘ತೊರ್’ ಎಂದು ಕೊನೆಗೊಳ್ಳುವ ಪದಕ್ಕೆ ‘ತ್ರಿಕ್ಸ್’ ಎಂಬ ಸ್ತ್ರೀರೂಪವಿದೆ. ‘ದೊಕ್ತ್ರಿಕ್ಸ್’, ಕಲಿಸುವವಳು. ವ್ಯಾಕರಣದಲ್ಲಿ ಆಕೆಗೆ ಸ್ಥಾನವಿತ್ತು. ಪಟ್ಟಿಯಲ್ಲಿ ಮಾತ್ರ ಇರಲಿಲ್ಲ. ಆವಿಲಾದ ಸಂತ ತೆರೇಸಾರವರು ಲ್ಯಾಟಿನ್ ಕಲಿತವರಲ್ಲ. 1559ರಲ್ಲಿ ಸ್ಪೇನಿನ ಧಾರ್ಮಿಕ ವಿಚಾರಣಾಧಿಕಾರಿಗಳು ಜನಭಾಷೆಯ ಅನೇಕ ಭಕ್ತಿಗ್ರಂಥಗಳನ್ನು ನಿಷೇಧಿಸಿದಾಗ, ಲ್ಯಾಟಿನ್ ಬಾರದ ತಾನು ಇನ್ನೇನು ಓದಲಿ ಎಂದು ಅವರು ಕೊರಗಿದರು. ಆ ಕೊರಗಿನಲ್ಲಿಯೇ ಕ್ರಿಸ್ತರು ತಮಗೆ ಜೀವಂತ ಗ್ರಂಥವಾದುದನ್ನು ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ. ಮುಂದೆ ಅವರ ಪುಸ್ತಕಗಳು ದೈವಶಾಸ್ತ್ರಜ್ಞರಿಗೇ ಪ್ರಾರ್ಥನೆಯ ದಾರಿ ತೋರಿಸಿದವು. 1922ರಲ್ಲಿ ಸಾಲಮಾಂಕಾ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟನ್ನೂ ಕೊಟ್ಟಿತು. ರೋಮಿನ ಸಂತ ಪೇತ್ರರ ಬೆಸಿಲಿಕದಲ್ಲಿರುವ ಅವರ ಸ್ವರೂಪದ ಕೆಳಗೆ ‘ಆಧ್ಯಾತ್ಮಿಕರ ಮಾತೆ’ ಎಂಬ ಅರ್ಥದ ಲ್ಯಾಟಿನ್ ಬರಹವಿದೆ. ತಾಯಿ ಎನ್ನಬಹುದಾಗಿತ್ತು, ಬೋಧಕಿ ಎನ್ನುವಂತಿರಲಿಲ್ಲ! 1923ರಲ್ಲಿ ಕಾರ್ಮೆಲ್ ಸಭೆಯವರು ಈ ಬಿರುದನ್ನು ಕೇಳಿದಾಗ ಜಗದ್ಗುರು 11ನೇ ಪಿಯುಸ್‌ರವರಿಂದ ಬಂದ ಉತ್ತರ ಎರಡೇ ಪದಗಳದ್ದು: ‘ಓಬ್ಸ್ತಾತ್ ಸೆಕ್ಸುಸ್’. ಅಂದರೆ, ಹೆಣ್ಣೆಂಬುದೇ ಅಡ್ಡಿ. ನಿರ್ಧಾರವನ್ನು ಅವರು ತಮ್ಮ ಉತ್ತರಾಧಿಕಾರಿಗಳಿಗೆ ಬಿಟ್ಟರು.

ಆ ಅಡ್ಡಿ ನಿವಾರಣೆಯಾಗಲು 47 ವರ್ಷ ಬೇಕಾಯಿತು. ಜಗದ್ಗುರು 6ನೇ ಪೌಲ್‌ರವರು 1970ರ ಸೆಪ್ಟೆಂಬರ್ 27ರಂದು ಆವಿಲಾದ ತೆರೇಸಾರನ್ನೂ, ಒಂದು ವಾರದ ನಂತರ ಅಕ್ಟೋಬರ್ 4ರಂದು ಸಿಯೆನಾದ ಕತರೀನಾರನ್ನೂ ಧರ್ಮಸಭೆಯ ಬೋಧಕರೆಂದು ಘೋಷಿಸಿದರು. ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆಂಬ ಸಂತ ಪೌಲರ ಮಾತಿಗೆ ಇದು ವಿರುದ್ಧವಲ್ಲವೇ ಎಂಬ ಪ್ರಶ್ನೆಯನ್ನು ತಾವೇ ಎತ್ತಿ, ಈ ಬಿರುದು ಅಧಿಕಾರದ ಹುದ್ದೆಯಲ್ಲವೆಂದು ಉತ್ತರಿಸಿದರು. ಉತ್ತರ ಕೆಲವರಿಗೆ ಸಾಕೆನಿಸಿತು, ಕೆಲವರಿಗೆ ಇಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಉತ್ತರಕ್ಕಿಂತ ಆ ಇಬ್ಬರು ಸ್ತ್ರೀಯರೇ ದೊಡ್ಡ ಉತ್ತರ. ಕತರೀನಾರವರು ಶಾಲೆಗೆ ಹೋದವರಲ್ಲ. ತಮ್ಮ ಪತ್ರಗಳಲ್ಲಿ ಹೆಚ್ಚಿನವನ್ನು ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸಿದರು. ಆ ಪತ್ರಗಳು ಜಗದ್ಗುರುಗಳಿಗೂ ಬುದ್ಧಿಹೇಳಿದವು. 1997ರಲ್ಲಿ ಜಗದ್ಗುರು 2ನೇ ಜಾನ್ ಪೌಲ್‌ರವರು ಈ ಸಾಲಿಗೆ ಸೇರಿಸಿದ ಲಿಸಿಯುವಿನ ಪುಟ್ಟ ತೆರೇಸಾರವರು ಕನ್ಯಾಮಠದ ಗೋಡೆಗಳೊಳಗೆ 24ನೆಯ ವಯಸ್ಸಿನಲ್ಲಿ ತೀರಿಕೊಂಡವರು. 2012ರಲ್ಲಿ ಬಿಂಗೆನ್ನಿನ ಹಿಲ್ದೆಗಾರ್ದ್‌ರವರು ಬಂದರು. 38ರಲ್ಲಿ ನಾಲ್ವರು. ತೆರೇಸಾರ ಘೋಷಣೆಯ ಲ್ಯಾಟಿನ್‌ನಲ್ಲಿ ಬಳಸಿದ್ದು ದೊಕ್ತ್ರಿಕ್ಸ್ ಪದವನ್ನಲ್ಲ. ಅಂಬ್ರೋಸರಿಗೆ, ಅಗಸ್ಟೀನರಿಗೆ ಸಲ್ಲುವ ಅದೇ ದೊಕ್ತೊರ್ ಪದವನ್ನು.

ರೋಮಿನಿಂದ ನಮ್ಮ ಕಡೆಗೆ ಬಂದರೆ, ಈ ಪದ ಬಡವರ ಮನೆಗೂ ನಡೆದುಬಂದಿರುವುದು ಕಾಣುತ್ತದೆ. ದೊಕ್ತೊರ್ ಕಲಿಸುವುದು ‘ದೊಕ್ತ್ರೀನಾ’. ಪೋರ್ಚುಗೀಸರ ಬಾಯಲ್ಲಿ ಅದು ‘ದೋವ್ತ್ರಿನಾ’ ಆಯಿತು. ಕರಾವಳಿಯ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ‘ದೊತೊರ್ನ್’ ಎಂದು ನೆಲೆಯೂರಿತು. ಮಕ್ಕಳು ಭಾನುವಾರ ‘ದೊತೊರ್ನಿಗೆ’ ಹೋಗುತ್ತಾರೆಂದರೆ ಧರ್ಮೋಪದೇಶಕ್ಕೆ ಹೋಗುತ್ತಾರೆಂದರ್ಥ. ಇಂಗ್ಲೆಂಡಿನಿಂದ ಬಂದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್‌ರವರು ಕೊಂಕಣಿಯಲ್ಲಿ ರಚಿಸಿದ ಧರ್ಮೋಪದೇಶದ ಪುಸ್ತಕ, ಅವರು ತೀರಿಕೊಂಡ ಮೇಲೆ 1622ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾಯಿತು. ಅದರ ಶೀರ್ಷಿಕೆಯ ಮೊದಲ ಪದವೂ ಇದೇ. ಅಲ್ಲಿರುವ ‘ಕಾನಾರಿಂ’ ಎಂಬ ಪದ ನೋಡಿ ಅದು ಕನ್ನಡವೆಂದು ಭ್ರಮಿಸಬಾರದು. ಪೋರ್ಚುಗೀಸರು ಕೊಂಕಣಿಯನ್ನು ಹಾಗೆ ಕರೆಯುತ್ತಿದ್ದರು. ಕನ್ನಡದಲ್ಲಿ ಅಂಥ ಕೆಲಸ ಮಾಡಿದವರು 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿಯವರು.

ಗುರುಗಳು ಬಂದರು, ಪುಸ್ತಕ ಬರೆದರು, ಸರಿ. ಅದನ್ನು ಮನೆಮನೆಗೆ ಕೊಂಡೊಯ್ದವರು ಯಾರು? ಬಯಲುಸೀಮೆಯ ನಮ್ಮ ಹಳ್ಳಿಗಳ ಹಿರಿಯರು ಥಟ್ಟನೆ ಉತ್ತರ ಹೇಳುತ್ತಾರೆ: ಉಪದೇಶಿ. ಗುರುಗಳು ಯಾವಾಗಲೋ ಒಮ್ಮೆ ಬಂದುಹೋಗುತ್ತಿದ್ದ ಕಾಲದಲ್ಲಿ ಸಂಜೆ ಗಂಟೆ ಬಾರಿಸಿ ಜಪಸರ ಹೇಳಿಸಿದವರು, ಮಕ್ಕಳಿಗೆ ಶಿಲುಬೆಯ ಗುರುತು ಕಲಿಸಿದವರು, ಸಾಯುವವರ ತಲೆದೆಸೆಯಲ್ಲಿ ಕುಳಿತು ಪ್ರಾರ್ಥಿಸಿದವರು, ತುರ್ತಿನಲ್ಲಿ ಮಗುವಿಗೆ ದೀಕ್ಷಾಸ್ನಾನ ಕೊಟ್ಟವರು ಅವರು. ಸಂಬಳ ಎಂದು ಕರೆಯಲು ನಾಚಿಕೆಯಾಗುವಷ್ಟು ಹಣ. ಅದೂ ಕೈಗೆ ಬಂದಾಗ ಉಂಟು. ಅವರ ಹೆಸರು ಯಾವ ಪಂಚಾಂಗದಲ್ಲಿಯೂ ಇಲ್ಲ.

2021ರ ಮೇ 10ರಂದು ಜಗದ್ಗುರು ಫ್ರಾನ್ಸಿಸ್‌ರವರು ಉಪದೇಶಿಗಳ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವೆಯನ್ನಾಗಿ ಸ್ಥಾಪಿಸಿ ಪತ್ರ ಹೊರಡಿಸಿದರು. ಆ ಪತ್ರ ಶುರುವಾಗುವುದೇ ಈ ಸೇವೆ ಎಷ್ಟು ಪ್ರಾಚೀನವೆಂಬ ವಿವರಣೆಯಿಂದ. ಅದಕ್ಕೆ ಅವರು ಕೊಡುವ ಆಧಾರ ಯಾವುದು ಗೊತ್ತೇ? ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ, 12ನೆಯ ಅಧ್ಯಾಯ. ನಾವು ಆಗಲೇ ನೋಡಿದ ಆ ಮೂರನೆಯ ಸಾಲಿನ ದೊಕ್ತೋರೆಸ್. ಅಕ್ವಿನಾಸರಿಗೆ ಯಾವ ಮೂಲಪದದಿಂದ ಬಿರುದು ಬಂತೋ, ಹಳ್ಳಿಯ ಉಪದೇಶಿಯ ವಂಶಾವಳಿಯೂ ಅಲ್ಲಿಂದಲೇ!

ಪ್ರತಿ ವರ್ಷ ಧರ್ಮೋಪದೇಶ ಕಲಿಸಲು ಜನ ಬೇಕೆಂದು ಕೇಳಿದಾಗ ನನಗೆ ಸಿಗುವ ಉತ್ತರ ಒಂದೇ. ‘ನಾವೇನು ಓದಿದವರಾ ಫಾದರ್? ನಮಗೇನು ಗೊತ್ತು? ಸಿಸ್ಟರ್‌ಗೆ ಹೇಳಿ.’ ವಿನಯದಿಂದಲೇ ಹೇಳುತ್ತಾರೆ. ಕೆಲವೊಮ್ಮೆ ತಪ್ಪಿಸಿಕೊಳ್ಳಲೂ ಹೇಳುತ್ತಾರೆ, ಅದು ಬೇರೆ ಮಾತು. ಆದರೆ ಆ ಮಾತಿನ ಹಿಂದೆ ಒಂದು ನಂಬಿಕೆಯಿದೆ: ಮೊದಲು ಪಂಡಿತರಾಗಬೇಕು, ಆಮೇಲೆ ಕಲಿಸಬೇಕು. ಮೂರು ಹೊತ್ತಿನ ಪ್ರಾರ್ಥನೆಯನ್ನೂ ಸಂತರ ಕಥೆಗಳನ್ನೂ ಮೊಮ್ಮಕ್ಕಳಿಗೆ ಬಾಯಿಪಾಠ ಮಾಡಿಸಿರುವ ಅಜ್ಜಿಯೊಬ್ಬರು ತನಗೇನೂ ಗೊತ್ತಿಲ್ಲವೆಂದು ಕೈಮುಗಿಯುತ್ತಾರೆ. ಅವರು ದೊಕ್ತುಸ್ ಅಲ್ಲ, ನಿಜ. ಧರ್ಮಸಭೆಗೆ ಬೇಕಾಗಿರುವುದು ಅದಲ್ಲವಲ್ಲ! ‘ಪಂಡಿತರು’ ಎಂಬ ಪದವನ್ನು ನಮ್ಮ ಪ್ರಾರ್ಥನೆಗಳಿಂದ ಕಿತ್ತುಹಾಕಬೇಕೆಂದು ನಾನು ಹೇಳುತ್ತಿಲ್ಲ. ಅದು ನಾಲಿಗೆಯಲ್ಲಿ ನೆಲೆಯೂರಿದೆ. ಆದರೆ ಆ ಪದವನ್ನು ಓದುವಾಗ ಒಳಗಿವಿಯಲ್ಲಿ ‘ಉಪದೇಶಿ’ ಎಂದೂ ಕೇಳಿಸಿಕೊಳ್ಳಿ. ನಾನು ಹಾಗೆ ಮಾಡುತ್ತೇನೆ.

ಅಂತೋಣಿಯವರ ಜೀವನವೂ ಹಾಗೆಯೇ ಇತ್ತು. ಲಿಸ್ಬನ್ನಿನಲ್ಲಿ ಹುಟ್ಟಿ, ಕೊಯಿಂಬ್ರದ ಮಠದಲ್ಲಿ ಧರ್ಮಗ್ರಂಥವನ್ನು ಆಳವಾಗಿ ಓದಿದ್ದವರು ಫ್ರಾನ್ಸಿಸ್ಕನ್ ಸಭೆ ಸೇರಿದ ಮೇಲೆ ಆ ಓದನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ. ಇಟಲಿಯ ಬೆಟ್ಟದ ಮೇಲಿನ ಒಂದು ಆಶ್ರಮದಲ್ಲಿ ಸುಮ್ಮನಿದ್ದರು. 1222ರಲ್ಲಿ ಫೊರ್ಲಿ ಪಟ್ಟಣದಲ್ಲಿ ಗುರುದೀಕ್ಷೆಯ ಸಂದರ್ಭಕ್ಕೆ ಎಲ್ಲರೂ ಸೇರಿದ್ದಾಗ ಪ್ರಬೋಧನೆ ನೀಡಲು ಯಾರೂ ಸಿದ್ಧರಾಗಿ ಬಂದಿರಲಿಲ್ಲ. ಹಿರಿಯರು ಅಂತೋಣಿಯವರಿಗೆ ಎದ್ದು ಮಾತನಾಡೆಂದು ಆಜ್ಞಾಪಿಸಿದರು. ಅಂದು ಬಾಯಿ ತೆರೆದವರು ಸಾಯುವವರೆಗೂ ಮುಚ್ಚಲಿಲ್ಲ. ಸಂತ ಫ್ರಾನ್ಸಿಸರು ಪಾಂಡಿತ್ಯವನ್ನು ಕಂಡರೆ ಸ್ವಲ್ಪ ಅಂಜುತ್ತಿದ್ದವರು. ಆದರೂ ಅಂತೋಣಿಯವರಿಗೆ ಒಂದು ಪುಟ್ಟ ಪತ್ರ ಬರೆದು, ಸಹೋದರರಿಗೆ ದೈವಶಾಸ್ತ್ರ ಕಲಿಸಲು ಒಪ್ಪಿಗೆ ಕೊಟ್ಟರು. ಓದಿನ ಭರದಲ್ಲಿ ಪ್ರಾರ್ಥನೆಯ ಚೈತನ್ಯ ಆರಬಾರದು ಎಂಬ ಒಂದು ಷರತ್ತಿನ ಮೇಲೆ.

1231ರ ಜೂನ್ 13ರಂದು ಅವರು ತೀರಿಕೊಂಡರು. ವರ್ಷ ತುಂಬುವುದರೊಳಗೆ, 1232ರ ಮೇ 30ರಂದು, ಜಗದ್ಗುರು 9ನೇ ಗ್ರೆಗೊರಿಯವರು ಸಂತ ಪದವಿ ನೀಡಿದರು. ಅಂದೇ ಧರ್ಮಸಭೆಯ ಬೋಧಕರಿಗೆ ಮೀಸಲಾದ ‘ಓ ದೊಕ್ತೊರ್ ಓಪ್ತಿಮೆ’ ಎಂಬ ಸ್ತುತಿಯನ್ನು ಜಗದ್ಗುರುಗಳೇ ಎತ್ತಿ ಹಾಡಿದರೆಂಬ ಸಂಪ್ರದಾಯವಿದೆ. ಅಧಿಕೃತ ಘೋಷಣೆಗೆ ಮಾತ್ರ ಇನ್ನೂ 714 ವರ್ಷ ಕಾಯಬೇಕಾಯಿತು. 1946ರ ಜನವರಿ 16ರಂದು ಜಗದ್ಗುರು 12ನೇ ಪಿಯುಸ್‌ರವರು ಅವರನ್ನು ‘ದೊಕ್ತೊರ್ ಎವಾಂಜೆಲಿಕುಸ್’, ಶುಭಸಂದೇಶದ ಬೋಧಕ, ಎಂದು ಸಾರಿದರು.

1263ರಲ್ಲಿ ಅವರ ಪಾರ್ಥಿವ ಶರೀರವನ್ನು ಪಾದುವಾದ ಹೊಸ ದೇವಾಲಯಕ್ಕೆ ಸಾಗಿಸಲು ಸಮಾಧಿಯನ್ನು ತೆರೆದಾಗ ಸಂತ ಬೊನವೆಂತೂರರು ಅಲ್ಲಿದ್ದರು. ದೇಹ ಮಣ್ಣಾಗಿತ್ತು. ನಾಲಿಗೆಯೊಂದು ಕೆಡದೆ ಉಳಿದಿತ್ತು. ಅದನ್ನು ಬೊನವೆಂತೂರರು ಕೈಯಲ್ಲೆತ್ತಿಕೊಂಡು ದೇವರನ್ನು ಸ್ತುತಿಸಿದರು. ಆ ನಾಲಿಗೆಯನ್ನು ಪಾದುವಾದ ಬೆಸಿಲಿಕದಲ್ಲಿ ಇಂದಿಗೂ ಕಾಣಬಹುದು.